ಹಿರಿಯರ ಹೆಸರು ಮೊದಲು

ನನ್ನ ತಂಗಿಯ ಮಗಳು ಶ್ರದ್ಧಾ ಹೋದ ವರ್ಷ ದೋಹಾದ ಕಂಪೆನಿಯೊಂದರ ಎಚ್.ಆರ್. ವಿಭಾಗಕ್ಕೆ ಸೇರಿದಳು. ಸೇರಿದ ವಾರದಲ್ಲೇ ಫೋನು ಮಾಡಿ, “ಮಾಮ, ನಿಮ್ಮ ಕಾಲದಲ್ಲಿ ಗ್ರೀವೆನ್ಸ್ ಪಾಲಿಸಿ ಹೇಗಿತ್ತು?” ಎಂದು ಕೇಳಿದಳು. ಚೆನ್ನಾಗಿಯೇ ಇತ್ತು ಎಂದೆ. ನಮ್ಮ ಮ್ಯಾನೇಜರ್ ಉಸ್ತಾದ್ ನಬೀಲರ ಮೇಜಿಗೆ ಮೂರು ಡ್ರಾಯರುಗಳಿದ್ದವು. ಕೆಲಸಗಾರರ ದೂರುಗಳೆಲ್ಲ ಕೆಳಗಿನ ಡ್ರಾಯರಿಗೆ ಹೋಗುತ್ತಿದ್ದವು. ಅದು ತುಂಬಿದಾಗ ಒಂದು ರಟ್ಟಿನ ಪೆಟ್ಟಿಗೆ ತರಿಸುತ್ತಿದ್ದೆವು. ಶ್ರದ್ಧಾ ನಗಲಿಲ್ಲ. ಈಗಿನವರಿಗೆ ಇಂಥದ್ದಕ್ಕೆ ನಗಬಾರದೆಂದು ತರಬೇತಿ ಕೊಡುತ್ತಾರೋ ಏನೋ. ಅವಳಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಪುವಿನವನು. ಟೈಪಿಂಗು, ಶಾರ್ಟ್‌ಹ್ಯಾಂಡು ಪಾಸು ಮಾಡಿ ಮಂಗಳೂರಿನ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ದೋಹಾದ ಸಮುದ್ರದ ದಂಡೆಯ ದೊಡ್ಡ ಹೋಟೆಲೊಂದಕ್ಕೆ ಪರ್ಸೊನೆಲ್ ಕ್ಲರ್ಕ್, ಎಂದರೆ ಸಿಬ್ಬಂದಿ ವಿಭಾಗದ ಗುಮಾಸ್ತ, ಎಂದು ಹೋದೆ. ಊರಲ್ಲಿ ಕೆಲವರು ಅದನ್ನು ‘ಪರ್ಸನಲ್’ ಎಂದು ಕೇಳಿ, ನಾನು ಯಾರೋ ಅರಬ್ ಶೇಖ್ ಒಬ್ಬರ ಖಾಸಗಿ ಗುಮಾಸ್ತನೆಂದು ತಿಳಿದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ. ಬಡ್ತಿ, ಸಂಬಳದ ಕಥೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೆ ಬಾಯಿಪಾಠವಾಗಿದೆ, ಬೇಕಾದವರು ಅವಳನ್ನೇ ಕೇಳಬಹುದು.

ಪ್ರವಾಸಿಗರು ಬರುತ್ತಾರೆ, ಬರುತ್ತಾರೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಬಂದವರು ಹೆಚ್ಚಾಗಿ ಗ್ಯಾಸಿನ ಕಂಪೆನಿಗಳವರು, ಸಮ್ಮೇಳನಗಳಿಗೆ ಬರುವ ಟೈ ಕಟ್ಟಿದವರು. ಅವರು ಕಿಟಕಿಯಿಂದ ಸಮುದ್ರ ನೋಡಿ, ಎ.ಸಿ. ಇನ್ನಷ್ಟು ತಂಪು ಮಾಡಿಸಿಕೊಂಡು ಮಲಗುತ್ತಿದ್ದರು. ಅವರು ಮಲಗಿದ ಹೊದಿಕೆ, ಒರೆಸಿದ ಟವೆಲು, ಊಟ ಮಾಡಿದ ಮೇಜಿನ ಬಟ್ಟೆ ಎಲ್ಲವೂ ಕೆಳಗೆ ನೆಲಮಾಳಿಗೆಯ ಲಾಂಡ್ರಿಗೆ ಇಳಿಯುತ್ತಿದ್ದವು. ನನ್ನ ಕಥೆಯೂ ಅಲ್ಲಿಗೇ ಇಳಿಯಬೇಕು.

ಅದಕ್ಕೆ ಮೊದಲು ನಬೀಲರ ವಿಷಯ ಹೇಳಿಬಿಡುತ್ತೇನೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಕಡೆಯವರು, ಅಲ್ಲಿ ಉಸ್ತಾದ್ ಎಂದರೆ ನಮ್ಮ ‘ಸಾರ್’ ಇದ್ದಂತೆ. ದೊಡ್ಡ ದೇಹ, ಸಣ್ಣ ದನಿ. ಪುದೀನ ಹಾಕಿದ ಚಹಾ ಕುಡಿಯದೆ ಯಾವ ಕಾಗದವನ್ನೂ ಮುಟ್ಟುತ್ತಿರಲಿಲ್ಲ. ಯಾರು ಏನು ಕೇಳಿದರೂ ಮೊದಲ ಉತ್ತರ “ಬುಕ್ರಾ”. ಎಂದರೆ ನಾಳೆ. ನನಗೆ ಅರಬಿ ಕಲಿಸಿದವರು ಅವರೇ. ಕಲಿಸಿದ ಮೊದಲ ಪದವೂ ಅದೇ. ಸೇರಿದ ತಿಂಗಳಲ್ಲೇ ನಾನೊಂದು ಘನಕಾರ್ಯ ಮಾಡಿದ್ದೆ. ನಮ್ಮಲ್ಲಿ ಇಬ್ಬರು ಅಬ್ದುಲ್ ರಹಿಮಾನರಿದ್ದರು. ರಜೆಯ ಮೇಲೆ ಊರಿಗೆ ಹೊರಟವನಿಗೆ ಇನ್ನೊಬ್ಬನ ಪಾಸ್‌ಪೋರ್ಟ್ ಕೊಟ್ಟುಬಿಟ್ಟೆ. ವಿಮಾನ ನಿಲ್ದಾಣದಲ್ಲಿ ಫೋಟೋ ನೋಡಿದ ಅಧಿಕಾರಿ, “ಮೀಸೆ ಎಲ್ಲಿ?” ಎಂದು ಕೇಳಿದನಂತೆ. ಆ ಬಡಪಾಯಿ, “ನಿನ್ನೆ ತೆಗೆಸಿದೆ ಸಾರ್” ಎಂದನಂತೆ. ಹಾಗೆಯೇ ಹೋಗಿಯೂ ಬಿಟ್ಟ. ನಬೀಲರಿಗೆ ವಿಷಯ ತಿಳಿದಾಗ ಅವರು ಬೈಯಲಿಲ್ಲ. ಎರಡು ಲೋಟ ಚಹಾ ತರಿಸಿ, ಒಂದನ್ನು ನನ್ನ ಮುಂದಿಟ್ಟು, “ಈಗ ಇಲ್ಲಿ ಉಳಿದವನಿಗೆ ಮೀಸೆ ತೆಗೆಸಲು ಹೇಳು” ಎಂದರು.

ಕೆಲಸಗಾರರ ಪಾಸ್‌ಪೋರ್ಟುಗಳೆಲ್ಲ ನಮ್ಮ ಉಕ್ಕಿನ ಕಪಾಟಿನಲ್ಲಿ ಇರುತ್ತಿದ್ದವು. ಕೀಲಿ ನನ್ನ ಬಳಿ. ನನ್ನ ಪಾಸ್‌ಪೋರ್ಟೂ ಅದರೊಳಗೇ ಇತ್ತು. ನನ್ನನ್ನು ನಾನೇ ಬೀಗ ಹಾಕಿಟ್ಟುಕೊಂಡಿದ್ದೆ ಎಂಬುದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಯೂನಿಯನ್ ಎಂಬ ಪದವನ್ನು ಹೋಟೆಲಿನೊಳಗೆ ಯಾರೂ ಆಡುವಂತಿರಲಿಲ್ಲ. ದೇಶದ ಕಾನೂನೇ ಹಾಗಿತ್ತು. ಅದರ ಬದಲಿಗೆ ನಮ್ಮಲ್ಲಿ ‘ಕ್ಷೇಮಾಭಿವೃದ್ಧಿ ಸಮಿತಿ’ ಇತ್ತು. ಅದರ ಸದಸ್ಯರನ್ನು ಆರಿಸುತ್ತಿದ್ದವರು ಯುರೋಪಿನಿಂದ ಬಂದ ಜನರಲ್ ಮ್ಯಾನೇಜರು. ಸಭೆ ತಿಂಗಳ ಕೊನೆಯ ಗುರುವಾರ. ನಡಾವಳಿಯನ್ನು ನಾನು ಬುಧವಾರವೇ ಟೈಪು ಮಾಡಿಡುತ್ತಿದ್ದೆ. ಒಮ್ಮೆ ಯಾರೋ ಗಣ್ಯರು ಬಂದರೆಂದು ಸಭೆ ನಡೆಯಲೇ ಇಲ್ಲ. ಆದರೂ ನಡಾವಳಿಯ ಪ್ರಕಾರ ಎಲ್ಲರೂ ಬಂದಿದ್ದರು, ಸಂತೋಷ ವ್ಯಕ್ತಪಡಿಸಿದ್ದರು, ಕೊನೆಗೆ ವಂದನಾರ್ಪಣೆಯೂ ಆಗಿತ್ತು.

ಲಾಂಡ್ರಿಯ ದೊಡ್ಡ ಎಕ್ಸಾಸ್ಟ್ ಫ್ಯಾನು ಕೆಟ್ಟಿದ್ದು ಇಂಥ ನಡಾವಳಿಗಳಲ್ಲಿ ಹದಿನಾಲ್ಕು ತಿಂಗಳು ‘ಪರಿಶೀಲನೆಯಲ್ಲಿ’ ಇತ್ತು. ದೋಹಾದ ಆಗಸ್ಟ್ ಕಂಡವರಿಗೆ ಹೊರಗಿನ ಸೆಕೆ ಏನೆಂದು ಗೊತ್ತು. ಒಳಗೆ ಒಗೆಯುವ ಯಂತ್ರಗಳ ಉಗಿ, ಸ್ಟೀಮ್ ಪ್ರೆಸ್ಸಿನ ಉಗಿ, ಅದು ಹೊರಹೋಗಲು ಇದ್ದ ಒಂದೇ ದಾರಿ ಬಂದ್. ಆ ಬೇಸಿಗೆಯಲ್ಲಿ ಮೂವರು ತಲೆತಿರುಗಿ ಬಿದ್ದರು. ಸರ್ಕಾರದ ಇನ್‌ಸ್ಪೆಕ್ಟರರೂ ಒಮ್ಮೆ ಬಂದರು. ಆದರೆ ಬರುವ ಮೊದಲು ಫೋನು ಮಾಡುವುದು ಅವರ ಪದ್ಧತಿ. ಫೋನು ಬಂದ ಕೂಡಲೇ ಮೇಲಿನ ಮದುವೆ ಸಭಾಂಗಣದ ನಾಲ್ಕು ಸ್ಟ್ಯಾಂಡ್ ಫ್ಯಾನುಗಳು ಲಿಫ್ಟಿನಲ್ಲಿ ಕೆಳಗಿಳಿದವು. ಒಂದಕ್ಕೆ ಹಿಂದಿನ ದಿನದ ರಿಬ್ಬನು ಇನ್ನೂ ಕಟ್ಟಿಕೊಂಡೇ ಇತ್ತು. ಇನ್‌ಸ್ಪೆಕ್ಟರು ಖರ್ಜೂರ ತಿಂದು, ಅರಬಿ ಕಾಫಿ ಕಹ್ವಾ ಕುಡಿದು, ‘ಗಾಳಿಯ ವ್ಯವಸ್ಥೆ ಉತ್ತಮ’ ಎಂದು ಬರೆದು ಹೋದರು. ಅವರ ಕಾರು ಗೇಟು ದಾಟುವ ಮೊದಲೇ ಫ್ಯಾನುಗಳು ಮೇಲೆ ಹತ್ತಿದ್ದವು.

ಲಾಂಡ್ರಿಯಲ್ಲಿ ಕೂಳೂರಿನ ವಸಂತ ಎಂಬವನಿದ್ದ. ಮೂವತ್ತು ದಾಟಿದ ಆಸಾಮಿ, ಒಗೆಯುವ ಯಂತ್ರ ನಡೆಸುವ ಕೆಲಸ ಅವನದ್ದು. ಅವನ ತಂದೆ ಹಂಚಿನ ಕಾರ್ಖಾನೆಯ ಯೂನಿಯನ್ನಿನಲ್ಲಿ ಇದ್ದವರು, ಆ ರಕ್ತ. ಒಂದು ಶುಕ್ರವಾರ ಅವನು ನನ್ನ ರೂಮಿಗೆ ಬಂದ.

“ಶೆಟ್ರೇ, ಇನ್ನು ಆ ಸಮಿತಿಗೆ ಹೇಳಿ ಪ್ರಯೋಜನ ಇಲ್ಲ. ಲೇಬರ್ ಆಫೀಸಿಗೆ ಒಂದು ಅರ್ಜಿ ಕೊಡುವ. ನೀವು ಟೈಪು ಮಾಡಿ ಕೊಡಿ ಸಾಕು. ಸಹಿ ನಾವು ಹಾಕ್ತೇವೆ, ಮೂವತ್ತೊಂದು ಜನ.”

ನನಗೂ ಒಳಗೆ ಆಸೆ. ಆ ಸುಳ್ಳು ನಡಾವಳಿಗಳನ್ನು ಟೈಪು ಮಾಡಿದ ಕೈಗೆ ಒಂದು ನಿಜ ಟೈಪು ಮಾಡುವ ಚಪಲ. ಸರಿ ಎಂದೆ. ಇಂಗ್ಲಿಷಿನಲ್ಲಿ ಅರ್ಜಿ ಸೊಗಸಾಗಿ ಬಂತು. ತೊಡಕು ಬಂದದ್ದು ಸಹಿಯ ಹೊತ್ತಿಗೆ. ಮೊದಲ ಹೆಸರು ಯಾರದ್ದು? ವಸಂತನೂ ಸೇರಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ನಾನು ಭಾರಿ ಬುದ್ಧಿವಂತನಂತೆ, “ಅದಕ್ಕೇನು ಅಷ್ಟು ತಲೆಬಿಸಿ? ನಮ್ಮ ಮದುವೆ ಕಾಗದದಲ್ಲಿ ಹಾಕುವ ಹಾಗೆ ಹಾಕುವ. ಹಿರಿಯರ ಹೆಸರು ಮೊದಲು” ಎಂದೆ. ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮ ಕಡೆಯವರಿಗೆ ಮಾತ್ರ ಹೊಳೆಯಬಹುದಾದ ಪರಿಹಾರ ಅದು.

ಹಿರಿಯರೆಂದರೆ ಹಸನಬ್ಬ, ನಮಗೆಲ್ಲ ಮರ್ಯಾದೆಯಿಂದ ಹಸನಬ್ಬಾಕ. ಉಳ್ಳಾಲದ ಬ್ಯಾರಿ, ಐವತ್ತೈದು ದಾಟಿದವರು, ಹದಿನೆಂಟು ವರ್ಷದಿಂದ ಅಲ್ಲಿ ಇಸ್ತ್ರಿ ಹಾಕುತ್ತಿದ್ದರು. ವೇಯ್ಟರುಗಳ ಕಾಲರನ್ನು ಅವರು ಮಡಿಸಿದರೆ ಎರಡು ದಿನ ಹಾಗೆಯೇ ನಿಲ್ಲುತ್ತಿತ್ತು. ಓದು ಬರಹ ಕಡಿಮೆ, ಕನ್ನಡದಲ್ಲಿ ಸಹಿ ಮಾತ್ರ ಬರುತ್ತಿತ್ತು. ದೂರು, ಜಗಳ ಇವೆಲ್ಲ ಅವರಿಗೆ ದೂರ. ಕಾಗದ ಮುಂದಿಟ್ಟಾಗ ಅದರಲ್ಲಿ ಏನಿದೆಯೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

“ನನ್ನ ಹೆಸರು ಮೊದಲಾ? ಹಿರಿಯ ಅಂತ ಮರ್ಯಾದೆ ಕೊಡ್ತೀರಿ, ಬೇಡ ಅಂತ ಹೇಗೆ ಹೇಳುವುದು ಮಾರಾಯ್ರೆ!” ಎಂದು ಕೈಯನ್ನು ಲುಂಗಿಗೆ ಒರೆಸಿಕೊಂಡು, ನಾಲಗೆ ಕಚ್ಚಿಕೊಂಡು ಸಹಿ ಹಾಕಿದರು. ಅವರಿಗೆ ಆದ ಸಂತೋಷ ನೋಡಿ ನಾನೂ ಬೀಗಿದೆ.

ಲೇಬರ್ ಆಫೀಸಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಅರಬಿಗೆ ತಿರುಗಿತು, ಇಂಗ್ಲಿಷಿನ ಮೂಲಪ್ರತಿಯೂ ಜೊತೆಗೇ ಹೋಯಿತು. ಹದಿನೈದು ದಿನ ಕಳೆದ ಮೇಲೆ ಹೋಟೆಲಿಗೆ ಕಾಗದ ಬಂತು. ವಿಷಯ: ಹಸನಬ್ಬ ಮತ್ತು ಅವರ ಮೂವತ್ತು ಮಂದಿ ಸಂಗಡಿಗರ ದೂರು.

ಜನರಲ್ ಮ್ಯಾನೇಜರು ಕಾಗದ ಓದಿ ಕೆಂಪಾದರು. ಅವರ ಊರಿನಲ್ಲಿ ಅರ್ಜಿಯ ಮೊದಲ ಹೆಸರೆಂದರೆ ಮುಖಂಡ. ಮುಖಂಡನನ್ನು ಕಳಿಸಿದರೆ ಉಳಿದವರು ತಣ್ಣಗಾಗುತ್ತಾರೆ. ಹಸನಬ್ಬಾಕನ ವೀಸಾ ಕ್ಯಾನ್ಸಲ್ ಮಾಡಿ ವಾರದೊಳಗೆ ಊರಿಗೆ ಕಳಿಸಿ ಎಂದು ಆಜ್ಞೆಯಾಯಿತು. ಹಾಗೆ ಹೋದವರು ಆಗ ಎರಡು ವರ್ಷ ಮರಳಿ ಬರುವಂತಿರಲಿಲ್ಲ. ಆ ವಯಸ್ಸಿಗೆ ಎರಡು ವರ್ಷ ಕಳೆದ ಮೇಲೆ ಯಾರು ಕರೆಸುತ್ತಾರೆ? ಅವರ ಇಸ್ತ್ರಿಪೆಟ್ಟಿಗೆಯನ್ನು ನಂಬಿ ಉಳ್ಳಾಲದಲ್ಲಿ ಒಂಬತ್ತು ಜನ ಇದ್ದರು. ಕ್ಯಾನ್ಸಲ್ ಪತ್ರ ಟೈಪು ಮಾಡುವ ಕೆಲಸ ಯಾರದ್ದೆಂದು ಬೇರೆ ಹೇಳಬೇಕಾಗಿಲ್ಲ.

ಅರ್ಧ ಟೈಪು ಮಾಡಿ ಎದ್ದೆ. ನಬೀಲರ ಮೇಜಿನ ಮುಂದೆ ನಿಂತು, “ಉಸ್ತಾದ್, ಆ ಅರ್ಜಿಯನ್ನು...” ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

“ಚಹಾ ಕುಡಿ. ನೀನು ಈಗ ಹೇಳಲು ಹೊರಟದ್ದನ್ನು ನಾನು ಕೇಳಿದರೆ ಎರಡು ಪತ್ರ ಟೈಪು ಮಾಡಬೇಕಾಗುತ್ತದೆ. ಎರಡನೆಯದನ್ನು ಟೈಪು ಮಾಡಲು ನೀನು ಇರುವುದಿಲ್ಲ.”

ಆಮೇಲೆ ಅರ್ಧ ಟೈಪಾದ ಆ ಪತ್ರವನ್ನು ತರಿಸಿಕೊಂಡು ನೋಡಿ, ಕೆಳಗಿನ ಡ್ರಾಯರಿಗೆ ಹಾಕಿದರು. “ಬುಕ್ರಾ” ಎಂದರು. “ಲೇಬರ್ ಆಫೀಸಿನಲ್ಲಿ ಗುರುವಾರ ವಿಚಾರಣೆ. ಮುದುಕನ ಜೊತೆ ದುಭಾಷಿಯಾಗಿ ನೀನೇ ಹೋಗು.” ಆರು ವರ್ಷ ನಾನು ಗೇಲಿ ಮಾಡುತ್ತಿದ್ದ ಆ ಪದವೂ ಆ ಡ್ರಾಯರೂ ಅಂದು ದೇವರಂತೆ ಕಂಡವು.

ಹಸನಬ್ಬಾಕ ಗುರುವಾರ ಬಿಳಿ ಅಂಗಿ ಹಾಕಿ, ಅದಕ್ಕೆ ತಾವೇ ಇಸ್ತ್ರಿ ಹಾಕಿ, ಅತ್ತರು ಪೂಸಿಕೊಂಡು ಬಂದರು. ಮರ್ಯಾದೆಗೆ ಕರೆದಿದ್ದಾರೆಂದೇ ಅವರ ಎಣಿಕೆ. ದಾರಿಯಲ್ಲಿ ವಿಷಯ ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಸೆಕೆಯ ಬಗ್ಗೆ ಮಾತಾಡಿದೆ.

ಲೇಬರ್ ಆಫೀಸಿನ ಅಧಿಕಾರಿ ನಡುವಯಸ್ಸಿನ ಕತಾರಿ. ನನ್ನೊಡನೆ ಅರಬಿಯಲ್ಲಿ ಮಾತಾಡಿದರೂ ಅವರಿಗೆ ಹಿಂದಿ ಚೆನ್ನಾಗಿಯೇ ತಿಳಿಯುತ್ತಿತ್ತು, ಆದ್ದರಿಂದ ದುಭಾಷಿಯ ಆಟ ಏನೂ ನಡೆಯುವಂತಿರಲಿಲ್ಲ. ಅವರು ಹಿಂದಿಯಲ್ಲೇ ನೇರವಾಗಿ ಕೇಳಿದರು: “ಇವರನ್ನೆಲ್ಲ ಒಟ್ಟುಗೂಡಿಸಿದ್ದು ನೀವಾ?”

ಹಸನಬ್ಬಾಕ ಎದೆಯುಬ್ಬಿಸಿದರು. “ಹೌದು ಸಾಬ್. ನನ್ನ ಹೆಸರೇ ಮೊದಲು.”

ಪುಣ್ಯಕ್ಕೆ ಹಿಂದಿನ ದಿನವೇ ಯೋಚಿಸಿ ವಸಂತನ ತಂಗಿಯ ಮದುವೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅದನ್ನು ಮೇಜಿನ ಮೇಲೆ ಬಿಡಿಸಿ, ಹಸನಬ್ಬಾಕನಿಗೆ ತಿಳಿಯದಿರಲೆಂದು ಅರಬಿಯಲ್ಲಿ ಹೇಳಿದೆ: “ಸಾರ್, ಇಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಹುಡುಗಿಯ ಅಜ್ಜಿಯ ಹೆಸರು. ತೊಂಬತ್ತು ವರ್ಷ. ಈ ಸಂಬಂಧ ಕುದುರಿಸಿದ್ದು ಅವರಲ್ಲ. ಹುಡುಗ ಯಾರೆಂದೂ ಅವರಿಗೆ ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲಿ ಯಾವ ಕಾಗದವಾದರೂ ಹಿರಿಯರ ಹೆಸರಿನಿಂದಲೇ ಶುರು. ಅರ್ಜಿಯಲ್ಲೂ ಅದನ್ನೇ ಮಾಡಿದ್ದು. ಅಷ್ಟಕ್ಕೇ ಹೋಟೆಲಿನವರು ಇವರನ್ನು ದೇಶ ಬಿಡಿಸಲು ಹೊರಟಿದ್ದಾರೆ.”

ಅಧಿಕಾರಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಗಹಗಹಿಸಿ ನಕ್ಕು, ಹಿಂದಿಯಲ್ಲೇ ಹೇಳಿದರು: “ನಾವು ಒಟ್ಟಿಗೆ ಕೂರುವ ಮಜ್ಲಿಸಿನಲ್ಲೂ ಹಿರಿಯರಿಗೆ ಕೊಡುವ ಮರ್ಯಾದೆ ಇಂಥದ್ದೇ. ಆದರೆ ಅದಕ್ಕೆ ಯಾರನ್ನೂ ದೇಶ ಬಿಡಿಸುವುದಿಲ್ಲ.” ಆಗಲೇ ಹಸನಬ್ಬಾಕ ನನ್ನತ್ತ ತಿರುಗಿದ್ದು. ದೇಶ ಬಿಡಿಸುವ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಅಧಿಕಾರಿ ನಗು ನಿಲ್ಲಿಸಿ ವಿಷಯಕ್ಕೆ ಬಂದರು. ಯೂನಿಯನ್ ಕೂಡದೆಂಬ ಕಾನೂನಿನಿಂದಾಗಿ ಗುಂಪಿನ ಅರ್ಜಿಯನ್ನು ಅವರು ವಿಚಾರಿಸಬಹುದೇ ಹೊರತು ದಾಖಲಿಸುವಂತಿಲ್ಲ. ಅದು ಬಿದ್ದುಹೋದರೆ ಹೋಟೆಲಿನವರು ಈ ಮುದುಕನನ್ನು ಏನು ಮಾಡಿದರೂ ಕೇಳುವವರಿಲ್ಲ. ಆದರೆ ಹೋಟೆಲಿನ ಒಬ್ಬನೇ ಒಬ್ಬ ನೌಕರ, ಯಾರಾದರೂ ಸರಿ, ತನ್ನ ಹೆಸರಲ್ಲಿ ದೂರು ಕೊಟ್ಟರೆ ಅವರು ಈಗಲೇ ತನಿಖೆ ಮಾಡಬಹುದು. ದೂರು ನಿಜವಾದರೆ ಹೋಟೆಲಿನವರು ಯಾರನ್ನೂ ಕಳಿಸುವಂತಿಲ್ಲ. ಸುಳ್ಳೆಂದು ಕಂಡರೆ ಸಹಿ ಹಾಕಿದವನ ವೀಸಾ ಅಂದೇ ರದ್ದು.

ಅವರು ಒಂದು ಫಾರಂ ತೆಗೆದು ಮೇಜಿನ ನಡುವೆ ಇಟ್ಟರು. ಅದರ ಮೇಲೆ ಪೆನ್ನು ಇಟ್ಟರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು: “ಅರ್ಜಿಯ ಇಂಗ್ಲಿಷು ಚೆನ್ನಾಗಿದೆ. ಟೈಪು ಮಾಡಿದವನ ಹೆಸರು ಮೂವತ್ತೊಂದರಲ್ಲಿ ಇದೆಯೇ?”

ಇರಲಿಲ್ಲ. ಮೂವತ್ತೊಂದು ಜನರ ಹೆಸರನ್ನು ಒಂದಕ್ಷರ ತಪ್ಪದೆ ಟೈಪು ಮಾಡಿದ್ದೆ, ನನ್ನದನ್ನು ಹಾಕಬೇಕೆಂದು ತೋಚಿರಲೇ ಇಲ್ಲ. ತೋಚಿರಲಿಲ್ಲ ಎಂಬುದೂ ನಾನು ಆಮೇಲೆ ಹೊಲಿದುಕೊಂಡ ಮಾತು. ಪೆನ್ನು ನನ್ನ ಕೈಗೆ ಒಂದು ಗೇಣು ದೂರ ಇತ್ತು. ನಾನು ಸಹಿ ಹಾಕಿದ್ದರೆ ಹಸನಬ್ಬಾಕ ಅಲ್ಲಿಂದಲೇ ಪಾರು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಸ್ಟ್ಯಾಂಡ್ ಫ್ಯಾನುಗಳು. ಫೋನು ಹೋಗುತ್ತದೆ, ಫ್ಯಾನು ಇಳಿಯುತ್ತದೆ, ದೂರು ಸುಳ್ಳಾಗುತ್ತದೆ, ನನ್ನ ಪಾಸ್‌ಪೋರ್ಟು ಕಪಾಟಿನಿಂದ ಹೊರಗೆ ಬರುತ್ತದೆ. ನಾನು ಪೆನ್ನು ಮುಟ್ಟಲಿಲ್ಲ. ಹೆದರಿದೆ. ಇದನ್ನು ಬೇರೆ ಯಾವ ಪದದಲ್ಲೂ ಬರೆಯಲು ಬರುವುದಿಲ್ಲ.

ಹಸನಬ್ಬಾಕ ಒಂದು ಗಳಿಗೆ ಕಾದರು. ಆಮೇಲೆ ಫಾರಮನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಈ ಸಲ ಏನು ಬರೆದಿದೆ ಅಂತ ಓದಿ ಹೇಳಿ ಶೆಟ್ರೇ.”

ಓದಿ ಹೇಳಿದೆ. ಸುಳ್ಳಾದರೆ ವೀಸಾ ರದ್ದು ಎಂಬ ಸಾಲನ್ನು ಓದುವಾಗ ನನ್ನ ದನಿ ಸಣ್ಣದಾಯಿತು. “ಅದು ಕೇಳ್ಲಿಲ್ಲ, ಇನ್ನೊಮ್ಮೆ ಓದಿ” ಎಂದರು. ಇನ್ನೊಮ್ಮೆ ಓದಿದೆ. ಅವರು ತಲೆಯಾಡಿಸಿ, ನಿಧಾನವಾಗಿ, ನಾಲ್ಕೂ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದು ಸಹಿ ಹಾಕಿದರು.

ಅಧಿಕಾರಿ ಆ ಕಾಗದಕ್ಕೆ ಮೊಹರು ಹೊಡೆದರು. ನಾನು ಟೆಲಿಫೋನಿನತ್ತ ನೋಡುತ್ತಿದ್ದೆ. ಅವರು ಅದನ್ನು ಮುಟ್ಟದೆ ಕಾರಿನ ಕೀಲಿ ಎತ್ತಿಕೊಂಡರು. “ಯಲ್ಲಾ” ಎಂದರು, ಎಂದರೆ ನಡೆಯಿರಿ.

ಅವರದ್ದೇ ಕಾರು. ಹಸನಬ್ಬಾಕನನ್ನು ಮುಂದೆ ಕೂರಿಸಿಕೊಂಡರು, ನಾನು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಹಸನಬ್ಬಾಕ ಹಿಂದೆ ತಿರುಗದೆ, ಅಧಿಕಾರಿಗೆ ತಿಳಿಯದಿರಲೆಂದು ತುಳುವಿನಲ್ಲಿ ಕೇಳಿದರು: “ಶೆಟ್ರೇ, ನಿಮ್ಮ ಮಗಳ ಮದುವೆ ಕಾಗದದಲ್ಲಾದರೂ ಹೆಸರು ಹಾಕಿಸಿಕೊಳ್ತೀರಾ ಹೇಗೆ?”

ಅವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಹೋಟೆಲಿನಲ್ಲಿ ಯಾರಿಗೂ ಸುಳಿವಿರಲಿಲ್ಲ. ಅಧಿಕಾರಿ ಹಿಂಬಾಗಿಲಿನಿಂದ ನೇರ ನೆಲಮಾಳಿಗೆಗೆ ಇಳಿದರು. ಕನ್ನಡಕಕ್ಕೆ ಉಗಿ ಹತ್ತಿತು, ಒರೆಸಿಕೊಂಡರು, ಮತ್ತೆ ಹತ್ತಿತು. ಎರಡು ನಿಮಿಷಕ್ಕೆ ಅವರ ಬಿಳಿ ನಿಲುವಂಗಿ ಬೆನ್ನಿಗೆ ಅಂಟಿತು. ಓಡೋಡಿ ಬಂದ ಜನರಲ್ ಮ್ಯಾನೇಜರು ಮೇಲೆ ಬಂದು ಕಾಫಿ ಕುಡಿಯಬೇಕೆಂದು ಕೇಳಿಕೊಂಡರು. “ಕಾಫಿ ಇಲ್ಲಿಗೇ ತರಿಸಿ” ಎಂದರು ಅಧಿಕಾರಿ. ಮ್ಯಾನೇಜರರೂ ಅವರ ಜೊತೆ ಅಲ್ಲೇ ನಿಂತು, ಟೈ ಸಡಿಲಿಸದೆ, ಬಿಸಿ ಕಾಫಿ ಕುಡಿಯಬೇಕಾಯಿತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಂಡ ಅತ್ಯುತ್ತಮ ತನಿಖೆ ಅದು.

ಹದಿನಾಲ್ಕು ತಿಂಗಳಿನಿಂದ ಹಡಗಿನಲ್ಲಿ ಬರುತ್ತಿದೆ ಎನ್ನುತ್ತಿದ್ದ ಫ್ಯಾನಿನ ಮೋಟಾರು ಒಂಬತ್ತನೆಯ ದಿನ ದೋಹಾದ ಅಂಗಡಿಯಲ್ಲೇ ಸಿಕ್ಕಿತು. ನಬೀಲರು ಕೆಳಗಿನ ಡ್ರಾಯರಿನಿಂದ ಆ ಅರ್ಧ ಪತ್ರ ತೆಗೆದು, ಹರಿದು, “ಖಲಾಸ್” ಎಂದು ಬುಟ್ಟಿಗೆ ಹಾಕಿದರು. ಹಸನಬ್ಬಾಕ ಆಮೇಲೆ ಏಳು ವರ್ಷ ಅಲ್ಲೇ ಇಸ್ತ್ರಿ ಹಾಕಿ, ತಾವಾಗಿಯೇ ಸಾಕೆಂದು ಊರಿಗೆ ಹೋದರು.

ಫ್ಯಾನು ಚಾಲೂ ಮಾಡುವ ದಿನ ವಸಂತ ನನ್ನನ್ನು ಕರೆಯಲು ಮೇಲೆ ಬಂದ. “ಬನ್ನಿ ಶೆಟ್ರೇ, ಸ್ವಿಚ್ಚು ನೀವೇ ಹಾಕಬೇಕು. ನೀವು ಧೈರ್ಯದಲ್ಲಿ ಮಾತಾಡಿದ್ದಕ್ಕೇ ಇಷ್ಟೆಲ್ಲ ಆದದ್ದು ಅಂತ ಎಲ್ಲರಿಗೂ ಗೊತ್ತುಂಟು.” ಟೈಪಿಂಗ್ ತುಂಬ ಇದೆ ಎಂದೆ. ಟೈಪು ಮಾಡಲು ಏನೂ ಇರಲಿಲ್ಲ. ಅವನು ಹೋದ ಮೇಲೆ ಹಸನಬ್ಬಾಕನೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

“ಬನ್ನಿ ಶೆಟ್ರೇ. ಬರದಿದ್ದರೆ ಏನೋ ಉಂಟು ಅಂತ ಜನ ಯೋಚಿಸ್ತಾರೆ. ಆ ಫಾರಮಿನ ವಿಷಯ ನಾನು ಯಾರಿಗೂ ಹೇಳಿಲ್ಲ.”

ಹೋದೆ. ಸ್ವಿಚ್ಚು ಹಾಕಿದೆ. ಮೂವತ್ತೊಂದು ಜನ ಚಪ್ಪಾಳೆ ತಟ್ಟಿದರು. ಅವರ ನಡುವೆ ಹಸನಬ್ಬಾಕನೂ ನನಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಹೊಗಳಿಕೆಯನ್ನು ನಾನು ದೋಹಾ ಬಿಡುವವರೆಗೂ ಹೊತ್ತು ತಿರುಗಿದೆ, ಒಮ್ಮೆಯೂ ಕೆಳಗಿಳಿಸಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯವರೆಗೂ ಅವರು ಯಾರಿಗೂ ಹೇಳಲಿಲ್ಲ ಶ್ರದ್ಧಾ, ಅದಕ್ಕೇ ಇವತ್ತು ನಾನು ಹೇಳಬೇಕಾಯಿತು.